ಆದೋನಿಯ ಕಿರ್ದಿ

ಜಿನ್ನಿನ ಹಿಂದಿನ ಕೋಣೆ, ಗೆದ್ದಲು ತಿಂದುಳಿದ
ಮುತ್ತಜ್ಜನ ಕಿರ್ದಿ. ಒಂದು ವರ್ಷ ಮಾತ್ರ
ಅರಳೆಯ ಸಾಲಿನಲ್ಲಿ ಅಂಕಿಗಳು ತೇಗುತ್ತವೆ.
ಅಂಚಿನಲ್ಲಿ ಸಣ್ಣಗೆ: "ಕಡಲಾಚೆ ಲಡಾಯಿಯಂತೆ. ಮಾಲು ಹಿಡಿದಿಡು."

ಅಲಬಾಮ ಎಂಬ ಹೆಸರು ಅವನು ಕೇಳಿರಲಾರ.
ನಾನು ಓದಿದ್ದೇನೆ: ಅಲ್ಲಿಯೂ ಎರೆನೆಲ,
ಮಳೆ ಬಿದ್ದರೆ ಕಾಲು ಹಿಡಿಯುವಂಥದು.
ಹತ್ತಿ ಬಿಡಿಸುವವರಿಗೂ ಅಲ್ಲಿ ಧಾರಣೆಯಿತ್ತು,
ತಲೆಗಿಷ್ಟೆಂದು, ಹಲ್ಲು ನೋಡಿ.

ನಾಲ್ಕು ಹಾಳೆ ತಿರುವಿದರೆ ದರ ಕುಸಿದಿದೆ.
ಅಲ್ಲಿ ಸಂಕಲೆ ಕಳಚಿತೆಂದು
ಇಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ.
ಮುತ್ತಜ್ಜ ಬರೆದ: "ದೇವರು ಕೈಬಿಟ್ಟ."

ಆಮೇಲೆ ಅಲ್ಲಿ ಅದೇ ಹೊಲ, ಅದೇ ಧಣಿ, ಪಾಲಿನ ಉಳುಮೆ,
ಧಣಿಯದೇ ಅಂಗಡಿಯಲ್ಲಿ ಉದ್ರಿ;
ಓಟು ಹಾಕಲು ಹೋದರೆ ಓದಿನ ಪರೀಕ್ಷೆ.
ಉತ್ತರ ಗೊತ್ತಿದ್ದವನಿಗೆ ಪ್ರಶ್ನೆ ಬದಲಾಗುತ್ತಿತ್ತಂತೆ.

ನಮಗೂ ಗೆರೆ ಎಳೆದರು. ಬಳ್ಳಾರಿ ಆಚೆಗಾಯಿತು,
ಆದೋನಿಯ ಬೋರ್ಡು ತೆಲುಗಾಯಿತು.
ಕನ್ನಡ ಶಾಲೆಗಾಗಿ ಅರ್ಜಿ ಬರೆದೆವು, ಉಪವಾಸ ಕೂತೆವು.
ತಕ್ಕಡಿಯ ಭಾಷೆ ಮಾತ್ರ ಯಾರೂ ತಿದ್ದಲಿಲ್ಲ.

ಹೊರಗೆ ಉರುಕುಂದಮ್ಮ, ಬೆರಳ ಸಂದಿಯಲ್ಲಿ ಹತ್ತಿಕಾಯಿ ಗೀರು:
"ಎಷ್ಟು ಬರದ್ರಿ, ಅಯ್ಯಾ?"
ಹದಿನೆಂಟು ಅನ್ನುತ್ತೇನೆ.
ಮುಳ್ಳು ಹತ್ತೊಂಬತ್ತು ದಾಟಿತ್ತು.
ಅವಳು ಮೂಟೆಯನ್ನೇ ಒಂದು ಗಳಿಗೆ ನೋಡಿ, ಸೆರಗು ಒದರಿ ಹೋಗುತ್ತಾಳೆ.

ಪುಟದ ಅಂಚಿನಲ್ಲಿ ನಾನೇನೂ ಬರೆಯುವುದಿಲ್ಲ.