ನಾಲ್ಕು ಬೆರಳು ಹಳದಿ

ಮನಾಮದ ಸೂಕಿನಲ್ಲಿ ಗುಂಡಿ, ಜಿಪ್ಪು, ಅಸ್ತರು ಮಾರುವ
ಹಸ್ಕೇಲ್ ಶಾಬಿಯ ಅಂಗಡಿಗೆ ಶನಿವಾರ ಬೀಗ.
ನನ್ನ ಹೊಲಿಗೆ ಯಂತ್ರಕ್ಕೆ ಶುಕ್ರವಾರ ಮುಸುಕು.
ಉಳಿದ ಐದು ದಿನ
ನಮ್ಮಿಬ್ಬರ ನಡುವೆ ಒಂದು ಸಾಲದ ಪುಸ್ತಕ.

ಆ ವರ್ಷ ಶುಭ ಶುಕ್ರವಾರಕ್ಕೆ ಇಗರ್ಜಿಯ ಅಂಗಳದಲ್ಲಿ ನಾಟಕ.
ಕಮಿಟಿಯ ಪಿಯದ್ ಲೋಬೊ
ಹಳೆಯ ಕ್ಯಾಲೆಂಡರಿನಿಂದ ಹರಿದ ಚಿತ್ರವನ್ನು ಕತ್ತರಿಯ ಪಕ್ಕ ಇಟ್ಟ.
ಶಿಲುಬೆಯ ಕೆಳಗೆ ಬಾಯಿ ತೆರೆದು ಕೂಗುವ ಹನ್ನೊಂದು ಮಂದಿ,
ಪ್ರತಿಯೊಬ್ಬನ ಎದೆಗೂ ಹಳದಿ ಚಕ್ರ.
"ಹೀಗೇ ಬೇಕು ಬೋನಾ. ಎದೆಗೊಂದು, ಬೆನ್ನಿಗೊಂದು.
ದೂರ ಕೂತವರಿಗೂ ಯಾರು ಯಾರೆಂದು ತಿಳಿಯಬೇಕು."

ನಾನು ದರ್ಜಿ, ಲೆಕ್ಕ ಹಾಕಿದೆ.
ಹನ್ನೊಂದಕ್ಕೆ ಇಪ್ಪತ್ತೆರಡು.
ಆಮೇಲೆ ತಲೆ ಕೆಟ್ಟಿತು:
ಹಾಗಾದರೆ ಮಾತೆಯ ನೀಲಿ ಶಾಲಿಗೆ? ಪೇದ್ರುವಿಗೆ?
ಮೇಲೆ ತೂಗುತ್ತಿರುವವನಿಗೆ,
ಬರಿಯ ಎದೆ, ಎಲ್ಲಿ ಹೊಲಿಯಲಿ?

ಫಾದರ್ ಎಲ್ಜಿಯೊ ರೋಮಿನಲ್ಲಿ ಇಗರ್ಜಿಯ ಕಾನೂನು ಓದಿದವರು.
ನಿಲುವಂಗಿಯ ಅಂಚು ಮಡಚಿಸಲು ಬಂದು
ಸ್ಟೂಲಿನ ಮೇಲೆ ನಿಂತಲ್ಲೇ ಚಿತ್ರ ನೋಡಿದರು.
"ಇದು ಏಸುವಿನ ಕಾಲದ್ದಲ್ಲ. ಹನ್ನೆರಡು ಶತಮಾನ ಕಳೆದ ಮೇಲೆ
ಬಿಷಪರು ಕೂಡಿ ಬರೆದದ್ದು, ಅರವತ್ತೆಂಟನೆಯ ವಿಧಿ.
ಯೆಹೂದ್ಯರೂ ಸಾರಸೆನರೂ ಉಡುಪಿನಲ್ಲೇ ಬೇರೆ ಕಾಣಲಿ,
ತಿಳಿಯದೆ ಬೆರೆತೆ ಎಂದು ಯಾರೂ ನೆಪ ಹೇಳದಿರಲಿ.
ಪವಿತ್ರ ವಾರದ ಕೊನೆಯ ದಿನಗಳಲ್ಲಿ ಅವರು ಬೀದಿಗೆ ಬಾರದಿರಲಿ.
ಬಣ್ಣ ಬರೆದಿರಲಿಲ್ಲ. ಅಳತೆ ಕೊಟ್ಟವನು ಆಮೇಲಿನ ಒಬ್ಬ ಫ್ರೆಂಚ್ ದೊರೆ:
ಅಂಚು ನಾಲ್ಕು ಬೆರಳು, ನಡುವೆ ಒಂದು ಅಂಗೈ."
ಸ್ವಲ್ಪ ತಡೆದು,
"ಅದೇ ರೋಮು ಇನ್ನೊಂದು ಪತ್ರದಲ್ಲಿ ಹೇಳಿತ್ತು,
ಅವರ ಹಬ್ಬಕ್ಕೆ ಕಲ್ಲೆಸೆಯಬೇಡಿ, ಅವರ ಗೋರಿ ಅಗೆಯಬೇಡಿ."

ನನ್ನ ಬಾಯಿ ತುಂಬ ಗುಂಡುಸೂಜಿ.
ಸಾರಸೆನರು ಅಂದರೆ ಯಾರೆಂದು ಕೇಳಲಾಗಲಿಲ್ಲ.
ಹೊರಗೆ ಅಸರಿನ ಬಾಂಗು ಶುರುವಾಯಿತು.
ಫಾದರ್ ಆ ಕಡೆ ಗಲ್ಲ ತಿರುಗಿಸಿದರು, ಅಷ್ಟೆ.

ಗೋಡೆಯ ಮೊಳೆಯಲ್ಲಿ ಹಡಗುಕಟ್ಟೆಯ ಆರ್ಡರು ತೂಗುತ್ತಿತ್ತು:
ಮೇಸ್ತ್ರಿಗಳಿಗೆ ನೀಲಿ, ಕೂಲಿಗಳಿಗೆ ಕಿತ್ತಳೆ.
ಒಂದು ದಿನವೂ ಯಾಕೆಂದು ಕೇಳದೆ
ಆರು ನೂರು ಹೊಲಿದು ಕೊಟ್ಟಿದ್ದೆ.

"ಹಳದಿ ಫೆಲ್ಟು, ಎರಡು ಗಜ."
ಹಸ್ಕೇಲ್ ಮೂಗಿನಿಂದ ಬೆರಳ ತುದಿಗೆ ಬಟ್ಟೆ ಎಳೆದು ಅಳೆದ.
"ಏನಕ್ಕೆ, ಖಯ್ಯಾತ್?"
"ನಾಟಕಕ್ಕೆ."
"ಯಾವ ಪಾತ್ರಕ್ಕೆ?"
ನಾನು ದಾರದುಂಡೆಯ ಬೆಲೆ ಕೇಳಿದೆ.
ಅವನು ಕಾಗದದಲ್ಲಿ ಸುತ್ತಿದ, ಪುಸ್ತಕದಲ್ಲಿ ಬರೆದ.
"ಹಳದಿ ಬೇಗ ಬಣ್ಣ ಬಿಡುತ್ತೆ.
ಬಿಳಿಯ ಜೊತೆ ನೆನೆಹಾಕಬೇಡ."

ಶಿರ್ವದಲ್ಲಿ, ಎಂಟನೆಯ ವಯಸ್ಸಿಗೆ,
ಪೀಠದ ಬಳಿ ಧೂಪದ ಬಟ್ಟಲು ಹಿಡಿಯುವ ಹುಡುಗ ನಾನು.
ಶುಭ ಶುಕ್ರವಾರದ ದೀರ್ಘ ಲತೀನು:
ಪಾಪುವಿಗೆ ಮೊಣಕಾಲೂರಿದೆವು, ರೋಗಿಗೆ ಊರಿದೆವು,
ಕಡಲಿಗೆ ಹೋದವರಿಗೆ ಊರಿದೆವು.
ಯೆಹೂದ್ಯರ ಸರದಿಗೆ ಬಗ್ಗಲು ಹೋದ ನನ್ನ ಕಿವಿ ಹಿಂಡಿ
ಗಂಟೆಯ ಅಂತೋನ ಎತ್ತಿ ನಿಲ್ಲಿಸಿದ.
ಇವರಿಗೆ ಮಾತ್ರ ಊರುವ ಹಾಗಿಲ್ಲ.
ಅಂದು ಕಿವಿ ಉರಿಯಿತು;
ಮೊಣಕಾಲಿಗೆ, ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತ್ತು.

ನಾಟಕದ ದಿನ ಹನ್ನೊಂದು ಮಂದಿಗೂ ಕೊಟ್ಟದ್ದು
ಮಾತೆಯ ಶಾಲಿನದೇ ತಾನಿನ ನೀಲಿ.
ಲೋಬೊ ಕುದಿದ:
"ಈಗ ಯಾರು ಯಾರೆಂದು ಹೇಗೆ ತಿಳಿಯುವುದು?"
ತುಟಿಯ ನಡುವೆ ಇದ್ದದ್ದು ಎರಡೇ ಸೂಜಿ.
ಉಗುಳಿ ಉತ್ತರಿಸಬಹುದಿತ್ತು.

ಇಗರ್ಜಿಗೆ ಹೋಗುವಾಗ ನೋಡಿದ್ದೆ.
ಅರ್ಧ ಮುಚ್ಚಿದ ಸೂಕಿನಲ್ಲಿ
ಹಸ್ಕೇಲ್ ಬೀದಿಗೇ ಸ್ಟೂಲು ಹಾಕಿಕೊಂಡು
ತಟ್ಟೆಗೆ ಚಾ ಸುರಿದು ಊದುತ್ತಿದ್ದ.
ಕೈಯೆತ್ತಿದ. ನಾನೂ.

ಆ ಫೆಲ್ಟು ಈಗ ಯಂತ್ರದ ಅಡಿಗಿದೆ,
ತೊಟ್ಟಿಕ್ಕುವ ಎಣ್ಣೆ ಕುಡಿಯುತ್ತದೆ.
ಎಷ್ಟು ಸಲ ಒಗೆದಿದ್ದೇನೋ.
ಬಣ್ಣ ಬಿಟ್ಟಿಲ್ಲ.