ಅರ್ಥಿಂಗ್

"ಎಲ್ಲಾ ಒಂದರಲ್ಲೇ ಬರುತ್ತಲ್ಲಯ್ಯ ರಿಸೀವರ್!
ಒಂದು ಡಬ್ಬಿ, ಒಂದು ರಿಮೋಟು.
ನೀನ್ಯಾಕೆ ಮೂರು ಹೊತ್ತು ತಂದೆ?"
ಹಲ್ಲಿನ ಡಾಕ್ಟರು. ವಿದ್ಯಾನಗರ, ಕೊನೇ ಬಸ್‌ಸ್ಟಾಪಿನ ಹಿಂದೆ ಮನೆ.
ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ, ಗೋಡೆಗೆ ಮೆರೂನ್ ಬಟ್ಟೆ,
ಏಳು ಸ್ಪೀಕರು,
ಮೂಲೆಗೆ ಮುನಿದು ಕೂತ ಸಬ್‌ವೂಫರು.

ಸರ್, ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ ಅಂದೆ.
ಒಂದೇ ಒಲೆಗೆ ಏಳು ಬಾಣಲೆ ಇಟ್ಟರೆ
ಉರಿ ಎಲ್ಲಕ್ಕೂ ತಾಗುತ್ತೆ,
ಅಕ್ಕಿ ಯಾವುದರಲ್ಲೂ ಅರಳೋದಿಲ್ಲ.
ಪಿಸುಮಾತಿನ ಸೀನಿಗೆ ಆ ಒಂದು ಡಬ್ಬಿ ಧಾರಾಳ ಸಾಕು.
ಸೇತುವೆ ಕುಸಿಯೋ ಹೊತ್ತಿಗೆ ಏಳೂ ಬಾಯಿ ಒಟ್ಟಿಗೆ ತೆರೆದರೆ
ಒಳಗಿರೋ ಒಂದೇ ಟ್ರಾನ್ಸ್‌ಫಾರ್ಮರು ಏದುಸಿರು ಬಿಡುತ್ತೆ.
ಸದ್ದು ಇರುತ್ತೆ, ಪೆಟ್ಟು ಇರೋದಿಲ್ಲ.
ನಾಳೆ ಹೊಸ ನಮೂನೆ ಬಂತು ಅನ್ನಿ,
ಬುದ್ಧಿಯ ಡಬ್ಬಿ ಒಂದನ್ನೇ ಬದಲಿಸಿ. ರಟ್ಟೆಯ ಡಬ್ಬಿ ಎರಡೂ
ನಿಮ್ಮ ಮೊಮ್ಮಕ್ಕಳ ಹಲ್ಲು ಬೀಳೋವರೆಗೂ ಇರುತ್ತವೆ.

ಅವರಿಗೆ ಹೇಳದೆ ಬಿಟ್ಟದ್ದು:
ನಮ್ಮದೂ ಒಂದೇ ಡಬ್ಬಿಯಾಗಿತ್ತು, ಕೆ.ಟಿ.ಜೆ. ನಗರದಲ್ಲಿ,
ಹನ್ನೊಂದಡಿ ಅಂಗಡಿ, ಅಪ್ಪನ ಕಾಲದ ಗಲ್ಲಾ.
ನನ್ನದು ರಿಪೇರಿ, ಅಣ್ಣ ಕೊಟ್ರೇಶಿಯದು ವೈಂಡಿಂಗು.
ಅವನ ಮಗಳ ಫೀಸು, ನನ್ನ ಹೆಂಡತಿಯ ಹೆರಿಗೆ
ಒಂದೇ ವಾರ ಬಂದವು ಒಂದು ಸಲ.
ಆವತ್ತು ಮಂಕಾದ ದೀಪ ಮತ್ತೆ ಸರಿಹೋಗಲೇ ಇಲ್ಲ.
ನಡುವೆ ಪ್ಲೈವುಡ್ ಹೊಡೆದೆವು.
ಮೊಳೆ ಹಿಡಿದವನು ಅವನು, ಸುತ್ತಿಗೆ ನನ್ನದು.
ಮೀಟರು ಬೇರೆ, ಬೋರ್ಡು ಬೇರೆ, ಚಹಾದ ಲೆಕ್ಕ ಬೇರೆ.
"ಅಣ್ಣತಮ್ಮ ಬೇರೆ ಆದರಂತೆ" ಅಂದರು ಓಣಿಯವರು
ಯಾರೋ ಹೋಗಿಬಿಟ್ಟ ದನಿಯಲ್ಲಿ.
ನನಗೋ, ಹಲಗೆಯಾಚೆ ಅವನು ಗುನುಗುವುದು
ಹದಿನಾರು ವರ್ಷದಲ್ಲಿ ಮೊದಲ ಸಲ ಕೇಳಿಸಿತು.
ಗುನುಗುತ್ತಾನೆ ಅಂತಲೇ ಗೊತ್ತಿರಲಿಲ್ಲ.

ಈ ಆಂಪ್ಲಿಫೈಯರಿನ ಹೊಟ್ಟೆಯೊಳಗಿನ ತಾಮ್ರ ಅವನು ಸುತ್ತಿದ್ದು.
ವಾರ್ನಿಷ್ ವಾಸನೆ ಇನ್ನೂ ಆರಿಲ್ಲ.
ತಮ್ಮನಿಗೂ ಬಿಲ್ಲು, ಜಿಎಸ್‌ಟಿ ಸಮೇತ.

ಜೋಡಿಸಿದೆ. ಸ್ವಿಚ್ ಒತ್ತಿದೆ.
ಪಿಕ್ಚರಿಗೆ ಮುಂಚೆ ಬಂದದ್ದು ಗುಂಯ್ಯ್…
ಮುಚ್ಚಿದ ಕೊಡದೊಳಗೆ ಜೇನು ಕೂತ ಹಾಗೆ.
"ನೋಡಿದ್ಯಾ? ಒಂದೇ ಡಬ್ಬಿಯಾಗಿದ್ರೆ ಇದಿರ್ತಿತ್ತಾ?"
ಇರ್ತಿರಲಿಲ್ಲ ಸರ್.
ಅದು ನಿಜ, ಏನು ಮಾಡಲಿ.
ಒಂದೊಂದೇ ವೈರು ಕಿತ್ತೆ, ಒರೆಸಿದೆ, ಸಿಕ್ಕಿಸಿದೆ.
ಡಾಕ್ಟರ ಹೆಂಡತಿ ಬಂದು ಬಾಗಿಲಲ್ಲೇ ನಿಂತು ಹೋದರು.
ಹತ್ತೂವರೆಗೆ ಸೋತು ಫೋನು ಮಾಡಿ
ಹಲೋ ಅನ್ನದೆ ಸ್ಪೀಕರಿಗೆ ಹಿಡಿದೆ.

"ಯಾವ ಗೋಡಿಗೆ ಹಾಕೀಯಲೇ ಪ್ಲಗ್ಗು?"
ಪ್ರೊಸೆಸರು ಮುಂದಿನ ಗೋಡೆಗೆ, ಆಂಪು ಹಿಂದಿನ ಹೊಸ ಲೈನಿಗೆ.
"ಮಹಡಿ ಕಟ್ಟಿಸ್ದಾಗ ಬೇರೆ ಗುಂಡಿ ತೋಡ್ಸಿರ್ತಾರ.
ಮ್ಯಾಲಕ್ಕೊಂದು ಅರ್ಥಿಂಗು, ಕೆಳಕ್ಕೊಂದು. ಅದಕ್ಕ ಒದರಾಕತ್ತೈತಿ.
ಡಬ್ಬಿ ಎಷ್ಟಾರ ಇರ್ಲಿ, ಎಲ್ಲಾ ಒಂದಾ ಬೋರ್ಡಿಗೆ ಹಾಕು."

ಹಾಕಿದೆ.
ಪಿ.ಬಿ. ರೋಡಿನಲ್ಲಿ ಲಾರಿ ಗೇರು ಬದಲಿಸಿದ್ದು ಕೇಳಿಸಿತು,
ಕೆಳಗೆ ಫ್ರಿಜ್ಜು ನಡುಗಿ ನಿಂತದ್ದು.
ನಾನು ಸೇತುವೆಯ ಸೀನು ಹಾಕಲಿಲ್ಲ.
ಒಬ್ಬಳು ಅಡುಗೆಮನೆಗೆ ಬಂದು ಸ್ಟೀಲ್ ಲೋಟ ಕೆಳಗಿಡುತ್ತಾಳೆ, ಅಷ್ಟೆ.
ಡಾಕ್ಟರು ಹಿಂದೆ ತಿರುಗಿ ನೋಡಿದರು,
ಹೆಂಡತಿ ಮತ್ತೆ ಬಂದಳೇನೋ ಎಂದು.

ಕಿಸೆಯಲ್ಲಿ ಫೋನು ಬೆಚ್ಚಗಿತ್ತು.
ತೆಗೆದರೆ ನಿಮಿಷ ಇನ್ನೂ ಓಡುತ್ತಿವೆ,
ಇಪ್ಪತ್ತಮೂರು, ಇಪ್ಪತ್ತನಾಲ್ಕು.
ಇಟ್ಟಿರಲಿಲ್ಲ ಅವನು.
ಆ ಕಡೆ ಪುಟ್ಟ ಗುನುಗು.

ಇದಕ್ಕೂ ಬಿಲ್ಲು ಬರುತ್ತದೆ ನಾಳೆ.