ಕೈಗೆ ಬಂದದ್ದು

ವಾರಕ್ಕೊಂದೇ ವಿಮಾನ. ಬುಧವಾರ.
ಉದ್ದುದ್ದ ಕೊಳವೆಗಳನ್ನು ಹೆಗಲಿಗೇರಿಸಿಕೊಂಡು
ಮೂಗಿಗೆ ಬಿಳಿ ಮುಲಾಮು ಬಳಿದವರು ಇಳಿಯುತ್ತಾರೆ.
ಮೀನು ಹಿಡಿಯುತ್ತಾರೆ. ಬಿಡುತ್ತಾರೆ.
ಬಿಟ್ಟದ್ದಕ್ಕೆ ನಮಗೆ ದುಡ್ಡು ಕೊಡುತ್ತಾರೆ.

ಇದನ್ನು ಮೊದಲ ಸಲ ಕೇಳಿದಾಗ ಅಪ್ಪ
ಬಲೆ ಹೆಣೆಯುವ ಸೂಜಿಯನ್ನು ಹಲ್ಲಲ್ಲೇ ಕಚ್ಚಿಕೊಂಡು
ಬಹಳ ಹೊತ್ತು ನಕ್ಕಿದ್ದ.

ಇಕಾರಿ ಅನ್ನುತ್ತೇವೆ ಆ ಮೀನಿಗೆ, ಕಿರಿಬಾಸಿನವರು.
ಒಳಗೆಲ್ಲ ಮುಳ್ಳು, ಹೊರಗೆಲ್ಲ ಕನ್ನಡಿ.
ನಿಂತರೆ ಮರಳು, ಓಡಿದರೆ ಬೆಳಕು.
ಅಜ್ಜಿ ಅದರ ಮೇಲೆ ಸೀಸೆ ಉರುಳಿಸಿ
ಮುಳ್ಳಿನಿಂದ ಮಾಂಸ ಹಿಂಡಿ
ತೆಂಗಿನ ಹಾಲಲ್ಲಿ ಬೇಯಿಸಿದರೆ
ನಾವೆಂಟು ಮಕ್ಕಳು ತಟ್ಟೆ ನೆಕ್ಕಿ
ತೊಳೆಯುವವರ ಕೆಲಸ ಉಳಿಸುತ್ತಿದ್ದೆವು.

ಆಮೇಲೆ ಸಭೆ. ಕೇದಗೆ ಗರಿಯ ಮಾಡಿನಡಿ ಮೂರು ರಾತ್ರಿ.
ಇಲಾಖೆಯ ಹುಡುಗ ಬಿಳಿ ಹಾಳೆಯ ಮೇಲೆ ಲೆಕ್ಕ ಬರೆದ:
ಸತ್ತ ಇಕಾರಿ ಒಂದು ಸಲ ಮಾರಾಟ,
ಬದುಕಿದ್ದರೆ ಇಪ್ಪತ್ತು ಸಲ.
ನೇಯ್ ತೆಬೂರೆ, ಹಲ್ಲಿಲ್ಲದ ಮುದುಕಿ,
ಚಾಪೆಯಂಚಿನಿಂದ ಕೇಳಿದಳು:
ಇಪ್ಪತ್ತು ಸಲ ಗಾಳ ಕಚ್ಚಿದ್ದು ಅದು ತಾನೇ?
ಅದರ ಪಾಲೆಷ್ಟು?
ಹುಡುಗ ಆ ಹಾಳೆ ಮಡಚಿ ಹೊಸದು ತೆಗೆದ.
ಬೆಳಗಿನ ಜಾವಕ್ಕೆ ಕೈಗಳು ಮೇಲೆದ್ದವು.
ನನ್ನದೂ ಎದ್ದಿತು, ಅಪ್ಪನ ಕಡೆ ನೋಡದೆ.

ಈಗ ನೋಡುವುದೇ ನನ್ನ ಕೆಲಸ.
ಮೊಣಕಾಲು ನೀರಲ್ಲಿ ನಿಂತು
ಅವರಿಗೆ ಕಾಣದ್ದನ್ನು ಕಂಡು ಹೇಳುವುದು:
ಹನ್ನೊಂದು ಗಂಟೆ ದಿಕ್ಕು, ನಲವತ್ತು ಅಡಿ, ಎಸೆ.
ಮೀನನ್ನು ಹುಡುಕಬೇಡ, ನೆರಳನ್ನು ಹುಡುಕು
ಅಂತ ಅಪ್ಪ ಕಲಿಸಿದ್ದು ಬಲೆಗಾಗಿ.
ನಾನದನ್ನು ದಿನಗೂಲಿಗೆ ಮಾರುತ್ತೇನೆ.
ತಿರೋಯಾ ಅನ್ನಲು ನಾಲಗೆ ತಿರುಗದೆ
ಟ್ರಾಯ್, ಟ್ರಾಯ್ ಎಂದು ಕೂಗುತ್ತಾರೆ.
ಓಗೊಡುತ್ತೇನೆ. ಅದೂ ಕೂಲಿಯೊಳಗೇ ಸೇರಿದ್ದು.

ಸುಳ್ಳೇಕೆ ಹೇಳಲಿ, ಊರು ಚಿಗುರಿತು.
ಚಿಕ್ಕಮ್ಮನ ಬ್ರೆಡ್ಡಿನ ಒಲೆ ಮೂರು ಹೊತ್ತೂ ಉರಿಯಿತು.
ಶಾಲೆಗೆ ನೀರಿನ ತೊಟ್ಟಿ ಬಂತು.
ನನ್ನ ತಮ್ಮ ಬೇರೂ ಹುಂಜದ ಗರಿ ಕತ್ತರಿಸಿ
ಹುಸಿ ಸೀಗಡಿ ಕಟ್ಟಿ ಮಾರತೊಡಗಿದ.
ಊರಿನ ಹುಂಜಗಳೆಲ್ಲ ಬೋಳು ಕತ್ತಿನಲ್ಲಿ ಕೂಗಿದವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು
ಲೋಕವೆಲ್ಲ ಮರುಗುತ್ತದೆ.
ಇವರು ಅದಕ್ಕೆಂದೇ ಸಾಲ ಮಾಡಿ
ಸಮುದ್ರ ದಾಟಿ ಬರುತ್ತಾರೆ.

ಒಂದು ವರ್ಷ ವಿಮಾನ ಬರಲಿಲ್ಲ.
ಬುಧವಾರ, ಬುಧವಾರ, ಬರೀ ಆಕಾಶ.
ಅಕ್ಕಿಯ ಹಡಗೂ ತಡವಾಯಿತು.
ಒಲೆ ಆರಿತು. ಕೊನೆಗೆ ಹುಂಜಗಳೂ ಮುಗಿದವು.
ಒಂದು ರಾತ್ರಿ ಅಪ್ಪ ಮಾತಿಲ್ಲದೆ
ಜಂತಿಯಿಂದ ಬಲೆ ಇಳಿಸಿದ.
ನಾನು ದೀಪ ಹಿಡಿದೆ.
ಹಿಡಿಯಬಾರದೆಂದು ಕೈಯೆತ್ತಿದ ಅದೇ ಕೈಯಲ್ಲಿ.

ದಡದಲ್ಲಿ ಇಕಾರಿಯ ಬಾಯಗಲಿಸಿ ತೋರಿಸಿದ.
ತುಟಿಯಂಚಿಗೆ ಒಂದು ತೂತು,
ಮೂಗುತಿ ಕಳಚಿಟ್ಟ ಹಾಗೆ, ಮಾಗಿದ್ದು.
'ನಿನ್ನ ಗಿರಾಕಿ' ಅಂದ.
ನಗಲಿಲ್ಲ ಈ ಸಲ.
ಸೀಸೆ ಉರುಳಿಸಿದೆವು. ತಿಂದೆವು.
ಅಂಥ ರುಚಿ ನಾನು ಹಿಂದೆಂದೂ ಕಂಡಿರಲಿಲ್ಲ,
ಹಾಗನ್ನಿಸಿದ್ದನ್ನು ಯಾರಿಗೂ ಹೇಳಿಲ್ಲ.

ವಿಮಾನ ಮತ್ತೆ ಬಂತು.
ಮುಲಾಮಿನ ಮೂಗುಗಳು, ಕೊಳವೆಗಳು.
ಮೊನ್ನೆಯೊಬ್ಬ, ಓಸಾಕಾದ ನಿವೃತ್ತ ದಂತವೈದ್ಯ,
ಆರು ದಿನ ಬರಿಗೈಯಲ್ಲಿದ್ದು ಏಳನೆಯ ದಿನ
ಸಿಕ್ಕಿದ್ದನ್ನು ನೀರೊಳಗೆ ಎರಡು ಕೈಯಲ್ಲಿ ಹಿಡಿದು
ಅದು ಉಸಿರು ಹಿಡಿಯುವವರೆಗೆ ತೂಗುತ್ತ ನಿಂತ.
ಹೋಯಿತು. ಖಾಲಿ ಕೈ ನೋಡಿಕೊಂಡು ಅತ್ತ.
ಏನು ಮಾಡಬೇಕೋ ತಿಳಿಯದೆ
ಅವನ ಟೋಪಿ ಹಿಡಿದುಕೊಂಡು ನಾನೂ ನಿಂತೆ.

ಬುಧವಾರ ಮಧ್ಯಾಹ್ನ
ಅಪ್ಪ ಆಕಾಶಕ್ಕೊಂದು ಕಿವಿ ಕೊಟ್ಟು ಬಲೆ ಹೆಣೆಯುತ್ತಾನೆ.
ಸದ್ದು ಕೇಳಿದರೆ ಗಂಟು ಹಾಕಿ ಎತ್ತಿಡುತ್ತಾನೆ.
ತಡವಾದರೆ
ಇನ್ನೊಂದು ಸಾಲು.